ಚಾವಡಿ ಹೋಗಿ ಸಮುದಾಯ ಭವನ ಬಂತು

ಮೊನ್ನೆ ಊರಿಂದ ಅಣ್ಣನ ಮಗ ಫೋನ್ ಮಾಡಿದ್ದ. "ಕಾಕಾ, ಹಳೇ ಚಾವಡಿ ಕೆಡವಿ ಸಮುದಾಯ ಭವನ ಕಟ್ಟಾಕತ್ತೇವಿ. ಶಾಸಕರ ಅನುದಾನ ಬಂದೈತಿ, ಆದ್ರ ಸಾಲೂದಿಲ್ಲ. ಮುಂಬೈದಾಗ ಇದ್ದವ್ರು ನೀವೂ ಒಂದಿಷ್ಟು ಪಟ್ಟಿ ಕೊಡ್ರಿ" ಅಂದ. ಆಯ್ತಪ್ಪಾ ಅಂದೆ. ಫೋನ್ ಇಟ್ಟ ಮೇಲೆ ಆ ಚಾವಡಿಯೇ ಕಣ್ಣ ಮುಂದೆ ನಿಂತಿತು.

ನಮ್ಮದು ಈಗಿನ ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಎತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ಮಣ್ಣಿನ ಮಾಳಿಗೆ, ಇಷ್ಟೇ ನಮ್ಮ ಚಾವಡಿ. ನಾನು ಸಣ್ಣವನಿದ್ದಾಗ ಅಲ್ಲಿ ನ್ಯಾಯ ಪಂಚಾಯಿತಿ ನಡೆಯುತ್ತಿತ್ತು. ಒಂದು ಸಲ ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಮುದುಕನೊಬ್ಬನನ್ನು ಕರೆಸಿದ್ದರು. ಎಲ್ಲರೂ ಕಟ್ಟೆಯ ಮೇಲೆ ನೆರಳಲ್ಲಿ ಕೂತಿದ್ದರೆ ಅವನು ಮಾತ್ರ ಕೆಳಗೆ ಬಿಸಿಲಲ್ಲಿ, ನೆಲದ ಮೇಲೆ ಕೂತಿದ್ದ. ಅವನು ಕೇರಿಯವನು. ಅದರಲ್ಲಿ ವಿಚಿತ್ರವೇನೂ ನನಗಾಗ ಕಾಣಲಿಲ್ಲ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಚಾವಡಿ ಅಂದರೆ ಊರಿನ ಸರ್ಕಾರಿ ಕಚೇರಿಯಿದ್ದಂತೆ. 1818ರಲ್ಲಿ ಪೇಶ್ವೆ ಆಡಳಿತ ಮುಗಿದ ಮೇಲೆ ನಮ್ಮ ಕಡೆಯ ಸೀಮೆ ಕ್ರಮೇಣ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಗೌಡರು, ಕುಲಕರ್ಣಿಯವರು ಅಲ್ಲೇ ಕೂತು ಕಂದಾಯ ವಸೂಲಿ ಮಾಡುತ್ತಿದ್ದರು. ಕಂದಾಯ ಎಲ್ಲರ ದುಡಿಮೆಯದು, ಕಟ್ಟೆ ಮಾತ್ರ ಕೆಲವರದು.

ಇದನ್ನು ಪ್ರಶ್ನಿಸಿದ ಒಂದು ದೊಡ್ಡ ಮಾತು ಹುಟ್ಟಿದ್ದು ಆ ಮುಂಬೈ ಪ್ರಾಂತ್ಯದಲ್ಲೇ. 1923ರ ಆಗಸ್ಟ್ 4ರಂದು ಮುಂಬೈ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಳೆಯವರು ತಂದ ಠರಾವು ಪಾಸಾಯಿತು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ನಡೆಸುವ ಬಾವಿ, ಕೆರೆ, ಧರ್ಮಶಾಲೆಗಳು ಹಾಗೂ ಸರ್ಕಾರಿ ಶಾಲೆ, ಕಚೇರಿ, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅನ್ನುವುದು ಅದರ ಸಾರ. ಆಗ ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ಎಲ್ಲವೂ ಇದೇ ಪ್ರಾಂತ್ಯದಲ್ಲಿದ್ದವು, ಹಾಗಾಗಿ ಇದು ನಮ್ಮ ಚರಿತ್ರೆಯೂ ಹೌದು.

ಠರಾವಿನಿಂದಷ್ಟೇ ಬಾಗಿಲು ತೆರೆಯಲಿಲ್ಲ. ಮಹಾಡದ ಪುರಸಭೆ ಚವದಾರ್ ಕೆರೆಯನ್ನು ಎಲ್ಲರಿಗೂ ಮುಕ್ತ ಎಂದು 1924ರಲ್ಲೇ ನಿರ್ಣಯಿಸಿತ್ತು. ಆದರೂ 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ನೀರು ಮುಟ್ಟಬೇಕಾಯಿತು, ಆಮೇಲೆ ಅವರ ಜನ ಪೆಟ್ಟು ತಿನ್ನಬೇಕಾಯಿತು. 1950ರಲ್ಲಿ ಸಂವಿಧಾನ ಬಂತು. ಸರ್ಕಾರದ ಹಣದಿಂದ ಪೂರ್ತಿಯಾಗಿ ಇರಲಿ, ಸ್ವಲ್ಪವೇ ಇರಲಿ, ನಡೆಯುವ ಸಾರ್ವಜನಿಕ ಜಾಗಕ್ಕೆ ಜಾತಿಯ ಕಾರಣದಿಂದ ಯಾರನ್ನೂ ತಡೆಯುವಂತಿಲ್ಲ ಎಂದು ಅದರ 15ನೇ ವಿಧಿ ಹೇಳಿತು. 1955ರಲ್ಲಿ ಅಸ್ಪೃಶ್ಯತೆ ಆಚರಣೆಗೆ ಶಿಕ್ಷೆ ವಿಧಿಸುವ ಕಾಯ್ದೆಯೂ ಬಂತು.

1963ರಲ್ಲಿ ವಂಶಪಾರಂಪರ್ಯದ ಗೌಡಕಿ, ಕುಲಕರ್ಣಿಕಿ ರದ್ದಾದವು. ದಫ್ತರ ಸರ್ಕಾರಿ ನೌಕರರ ಕೈಗೆ ಹೋಯಿತು, ಚಾವಡಿಯ ಹಳೇ ಗತ್ತು ಇಳಿಯಿತು. ಮುಂದೆ ಶಾಸಕರ ನಿಧಿ ಬಂತು. 1993ರ ಡಿಸೆಂಬರಿನಲ್ಲಿ ಸಂಸದರ ನಿಧಿಯೂ ಶುರುವಾಯಿತು. ಮೊದಲ ವರ್ಷ ಒಬ್ಬ ಸಂಸದರಿಗೆ 5 ಲಕ್ಷ ರೂಪಾಯಿ ಇದ್ದದ್ದು 2011-12ರಿಂದ ವರ್ಷಕ್ಕೆ 5 ಕೋಟಿಯಾಯಿತು. ಇಂಥ ದುಡ್ಡಿನಲ್ಲಿ ಹಳ್ಳಿಹಳ್ಳಿಗೂ ಭವನಗಳು ಎದ್ದವು.

ಬ್ಯಾಂಕಿನಲ್ಲಿ ಇಷ್ಟು ವರ್ಷ ಕೂತವನಿಗೆ ಖಾತೆ ಯಾರ ಹೆಸರಲ್ಲಿದೆ ಅಂತ ಕೇಳುವುದು ಚಟ. ಮರುದಿನ ನಾನೇ ಹುಡುಗನಿಗೆ ಫೋನ್ ಮಾಡಿದೆ.

"ಜಾಗಾ ಯಾರದಪ್ಪಾ?"

"ಪಂಚಾಯ್ತಿದು ಕಾಕಾ. ಕೀಲಿ ಕಮಿಟಿಯವ್ರ ಕಡೆ ಇರ್ತೈತಿ."

"ಕೇರಿಯವರ ಲಗ್ನಕ್ಕೂ ಕೊಡ್ತಾರೇನು?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅವ್ರದು ಬ್ಯಾರೆ ಭವನ ಐತಲ್ಲ ಕಾಕಾ" ಅಂದ.

ಹೌದು, ಈಗ ಬಹಳ ಊರುಗಳಲ್ಲಿ ಒಂದೊಂದು ಸಮುದಾಯಕ್ಕೆ ಒಂದೊಂದು ಭವನ. ಕೇರಿಯವರು ತಮ್ಮದೊಂದು ಕಟ್ಟಿಸಿಕೊಂಡರೆ ನಾನು ತಪ್ಪು ಅನ್ನುವುದಿಲ್ಲ. ಕಟ್ಟೆ ಹತ್ತಲು ಬಿಡದ ಊರಿನಲ್ಲಿ ಅವರಾದರೂ ಏನು ಮಾಡಬೇಕು? ಆದರೆ ಅವರಿಗೆ ಭವನವಿದೆ ಎಂಬುದು ನಮ್ಮ ಬಾಗಿಲು ಮುಚ್ಚಲು ನೆಪವಾಗಬಾರದು. ಅನುದಾನದಲ್ಲಿ ಅವರು ಕಟ್ಟಿದ ತೆರಿಗೆಯೂ ಇದೆಯಲ್ಲ.

ಹುಡುಗನಿಗೆ ಹೇಳಿದ್ದಿಷ್ಟೆ: ಕೀಲಿಯೂ ಬುಕಿಂಗ್ ರಿಜಿಸ್ಟರೂ ಪಂಚಾಯಿತಿಯಲ್ಲಿರಲಿ, ಬಾಡಿಗೆ ಎಲ್ಲರಿಗೂ ಒಂದೇ ಇರಲಿ, ಅದನ್ನು ಗೋಡೆಯ ಮೇಲೆ ಬರೆಸಲಿ. ಇಷ್ಟಾದರೆ ನನ್ನ ಪಟ್ಟಿ ಮೊದಲು ಬರುತ್ತದೆ. "ಹಿರ್ಯಾರನ್ನ ಕೇಳಿ ಹೇಳ್ತೀನಿ ಕಾಕಾ" ಅಂದಿದ್ದಾನೆ. ಇನ್ನೂ ಫೋನ್ ಬಂದಿಲ್ಲ.

ನಿಮ್ಮೂರಿಂದಲೂ ಇಂಥ ಫೋನ್ ಬಂದೇ ಬರುತ್ತದೆ. ದುಡ್ಡು ಕೊಡಿ, ಬೇಡ ಅನ್ನುವುದಿಲ್ಲ. ಕೊಡುವ ಮುಂಚೆ ಕೀಲಿ ಯಾರ ಕೈಯಲ್ಲಿರುತ್ತದೆ ಅಂತ ಒಂದು ಮಾತು ಕೇಳಿ.