ಸೊಳ್ಳೆಗಾಗಿ ಬಂದ ಮೀನು

ಮೂಡಿಗೆರೆಯಲ್ಲಿ ಮೀನಿನ ಮಾತೆತ್ತಿದರೆ ಎಲ್ಲರಿಗೂ ತೇಜಸ್ವಿಯವರ ಗಾಳ ನೆನಪಾಗುತ್ತದೆ. ನನ್ನದು ಗಾಳದ ಕಥೆಯಲ್ಲ, ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದ ಆರು ಗೋಲ್ಡ್ ಫಿಶ್‌ಗಳದು. ಗಾಜಿನ ಬೋಗುಣಿಯಲ್ಲಿಟ್ಟೆ, ವಾರದೊಳಗೆ ಎರಡು ಸತ್ತವು. ಅವು ಹೊರಬಿಡುವ ಅಮೋನಿಯಾಕ್ಕೆ ಅಷ್ಟು ನೀರು ಯಾವ ಮೂಲೆಗೂ ಸಾಲದೆಂದು ನನಗೆ ಗೊತ್ತಿರಲಿಲ್ಲ. ಸುಮಾರು ಸಾವಿರ ವರ್ಷದ ಹಿಂದೆ, ಸಾಂಗ್ ಅರಸರ ಚೀನಾದಲ್ಲಿ, ಇವನ್ನು ಸಾಕುತ್ತಿದ್ದುದು ಕೊಳಗಳಲ್ಲಿ. ಮೇಲಿನಿಂದ ಬಗ್ಗಿ ನೋಡಬೇಕಾದ ಮೀನು ಅದು.

ಉಳಿದ ನಾಲ್ಕನ್ನು ಹಿತ್ತಲಿನ ಹಳೇ ಕಲ್ಲುತೊಟ್ಟಿಗೆ ಬಿಟ್ಟೆ. ಅಲ್ಲಿ ಮೊದಲೇ ಬೂದು ಬಣ್ಣದ ಚಿಕ್ಕ ಮೀನುಗಳಿದ್ದವು. ಜೊತೆಯಾದೀತು ಎಂದುಕೊಂಡೆ. ನಾಲ್ಕೇ ದಿನಕ್ಕೆ ನನ್ನ ಮೀನುಗಳ ಬಾಲ ಹರಿದ ಬಟ್ಟೆಯಂತಾಯಿತು. ಎರಡು ಉಳಿಯಲಿಲ್ಲ.

“ಅದು ಸೊಳ್ಳೆ ತಿನ್ಲಿ ಅಂತ ಸರ್ಕಾರದವರು ಬಿಟ್ಟಿದ್ದು ಕಣೋ” ಎಂದರು ದೊಡ್ಡಪ್ಪ.

ಅದರ ಹೆಸರು ಗಂಬೂಸಿಯಾ. ಮೂಲ ಅಮೆರಿಕದ ದಕ್ಷಿಣ ಭಾಗ. 1920ರ ದಶಕದ ಆರಂಭದಲ್ಲಿ ಮಲೇರಿಯಾ ಕಾಡುತ್ತಿದ್ದ ಸ್ಪೇನ್, ಇಟಲಿಗಳಿಗೆ ಹೋಯಿತು. 1928ರಲ್ಲಿ ಡಾ. ಬಿ.ಎ. ರಾವ್ ಅದನ್ನು ಇಟಲಿಯಿಂದ ಭಾರತಕ್ಕೆ ತಂದರು. ಮೈಸೂರು ಸಂಸ್ಥಾನ ಆ ಕಾಲದಲ್ಲಿ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಮಲೇರಿಯಾ ಅಧ್ಯಯನ ನಡೆಸುತ್ತಿತ್ತು. ಅದರ ಕೇಂದ್ರಗಳಲ್ಲಿ ಮೂಡಿಗೆರೆಯೂ ಒಂದು. ಯಾಕೆಂದು ಇಲ್ಲಿನವರನ್ನು ಕೇಳಬೇಕಾಗಿಲ್ಲ. ಚಳಿಜ್ವರಕ್ಕೆ ಹೆದರಿ ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು ಎಂಬ ಮಾತು, ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬಿದ ಮಕ್ಕಳ ನೆನಪು, ನಮ್ಮ ಮನೆಯ ಹಿರಿಯರಲ್ಲೂ ಇತ್ತು.

ಆದರೆ ಲೆಕ್ಕದಲ್ಲೊಂದು ತೊಡಕಿತ್ತು. ಗಂಬೂಸಿಯಾಕ್ಕೆ ಒಗ್ಗುವುದು ನಿಂತ ನೀರು. ಮಲೆನಾಡಿನಲ್ಲಿ ಜ್ವರ ಹರಡುತ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್. ಅದು ಮೊಟ್ಟೆಯಿಡುವುದು ನಿಧಾನವಾಗಿ ಹರಿಯುವ ಹಳ್ಳ, ತೊರೆಗಳ ಹುಲ್ಲಂಚಿನಲ್ಲಿ. ಮೀನು ಒಂದು ಕಡೆ, ಸೊಳ್ಳೆ ಇನ್ನೊಂದು ಕಡೆ. ಕೊನೆಗೆ ಜ್ವರವನ್ನು ಮಣಿಸಿದ್ದು ಬಹುಮಟ್ಟಿಗೆ ಮನೆಗೋಡೆಗೆ ಹೊಡೆದ ಡಿಡಿಟಿ. ಅದರ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ.

ಮೀನು ಮಾತ್ರ ಉಳಿದುಕೊಂಡಿತು. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಜಾತಿ, ಬಹಳ ಬೇಗ ಹೆಚ್ಚುತ್ತದೆ. ಬೇರೆ ಮೀನುಗಳ ಮೊಟ್ಟೆ, ಕಪ್ಪೆಯ ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈಗ ಅದರ ಹೆಸರಿದೆ. ತಂದವರನ್ನು ದೂರಲು ನನಗೆ ಮನಸ್ಸಾಗದು. ಕಣ್ಣೆದುರು ಮಕ್ಕಳು ಸಾಯುತ್ತಿದ್ದಾಗ ಕಪ್ಪೆಯ ಚಿಂತೆ ಯಾರಿಗಿರುತ್ತದೆ? ಅಲ್ಲದೆ, ಯಾರು ಯಾರ ಜೊತೆ ಬಾಳಬಲ್ಲರು ಎಂದು ವಿಚಾರಿಸದೆ ತೊಟ್ಟಿಗೆ ಮೀನು ಸುರಿದವನು ನಾನೂ ತಾನೇ.

ಬದುಕಿದ ಎರಡನ್ನು ಅಂಗಳದ ಸಿಮೆಂಟ್ ತೊಟ್ಟಿಗೆ ತಂದೆ. ಐನೂರು ಲೀಟರ್ ನೀರು, ಬೇರೆ ಮೀನಿಲ್ಲ. ಕೆಲವು ವಾರದಲ್ಲಿ ಬಾಲ ಮತ್ತೆ ಚಿಗುರಿತು. ಆ ತೊಟ್ಟಿಯಲ್ಲಿ ಸೊಳ್ಳೆಮರಿ ಒಂದೂ ಕಾಣುವುದಿಲ್ಲ. ಗೋಲ್ಡ್ ಫಿಶ್ ಕೂಡ ಅವನ್ನು ತಿನ್ನುತ್ತದೆ.