ಮಾರಿಯೋಗೆ ದನಿಯಾದ ಚಾರ್ಲ್ಸ್ ಮಾರ್ಟಿನೆ

ಅಮೆರಿಕದ ನಟ ಚಾರ್ಲ್ಸ್ ಮಾರ್ಟಿನೆ, ಜಪಾನಿನ ನಿಂಟೆಂಡೊ ಸಂಸ್ಥೆಯ ವಿಡಿಯೋ ಗೇಮ್ ನಾಯಕ ಮಾರಿಯೋಗೆ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ದನಿ ನೀಡಿದವರು. ಕೆಂಪು ಟೋಪಿ, ದಪ್ಪ ಮೀಸೆಯ ಈ ಇಟಾಲಿಯನ್ ಕೊಳಾಯಿ ಕೆಲಸಗಾರನ ದನಿ ಜಗತ್ತಿಗೆಲ್ಲ ಪರಿಚಿತ. ಅದರ ಹಿಂದಿನ ಮುಖವನ್ನು ಬಲ್ಲವರು ಕಡಿಮೆ.

ರಂಗಭೂಮಿಯ ನಂಟು

1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದ ಮಾರ್ಟಿನೆ, ಲಂಡನ್ನಿನಲ್ಲಿ ನಾಟಕ ತರಬೇತಿ ಪಡೆದು ರಂಗನಟರಾದರು. 1990ರ ದಶಕದ ಆರಂಭದಲ್ಲಿ ವಾಣಿಜ್ಯ ಮೇಳವೊಂದರಲ್ಲಿ ಮಾರಿಯೋ ಆಗಿ ಮಾತನಾಡಲು ನಟನೊಬ್ಬ ಬೇಕಾಗಿದ್ದ. ಆಯ್ಕೆ ಮುಗಿಯುವ ಹೊತ್ತಿಗೆ ಮಾರ್ಟಿನೆ ಅಲ್ಲಿಗೆ ಬಂದರು. ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯ ಇಟಾಲಿಯನ್ ಕೊಳಾಯಿ ಕೆಲಸಗಾರನಂತೆ ಮಾತನಾಡಬೇಕೆಂಬುದಷ್ಟೇ ಅವರಿಗೆ ದೊರೆತ ಸೂಚನೆ.

ಮೊದಲಿಗೆ ಹೊಳೆದದ್ದು ಒರಟು ದನಿ. ಮಕ್ಕಳಿಗೆ ಅದು ಒಗ್ಗದೆಂದು ಕೈಬಿಟ್ಟರು. ಶೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕದಲ್ಲಿ ತಾವು ವಹಿಸಿದ್ದ ಗ್ರೆಮಿಯೋ ಪಾತ್ರ ನೆನಪಾಯಿತು. ಆ ದನಿಯನ್ನೇ ಹಗುರಗೊಳಿಸಿ, ಪಿಜ್ಜಾ ಮಾಡುವ ಬಗೆಯನ್ನು ಟೇಪು ಮುಗಿಯುವವರೆಗೂ ವಿವರಿಸಿದರು. ಅವಕಾಶ ಅವರದಾಯಿತು. 1996ರ ‘ಸೂಪರ್ ಮಾರಿಯೋ 64’ ಆ ದನಿಯನ್ನು ಮನೆಮನೆಗೆ ಮುಟ್ಟಿಸಿತು.

ಉಚ್ಚಾರಣೆಯ ಗುಟ್ಟು

ಇಟಾಲಿಯನ್ ಭಾಷೆಯ ಬಹುಪಾಲು ಪದಗಳು ಸ್ವರದಲ್ಲಿ ಕೊನೆಗೊಳ್ಳುತ್ತವೆ. ಬಸ್, ಕಾರ್ ಎಂಬುವನ್ನು ಕನ್ನಡಿಗರು ಬಸ್ಸು, ಕಾರು ಎನ್ನುವಂತೆ, ಮಾರಿಯೋ ಇಂಗ್ಲಿಷ್ ಪದಗಳ ಕೊನೆಗೆ ‘ಅ’ಕಾರ ಸೇರಿಸಿ ಎಳೆಯುತ್ತಾನೆ. ಇದು ಇಟಲಿಯ ಬೀದಿಯಲ್ಲಿ ಕೇಳಿಬರುವ ಮಾತಲ್ಲ, ರಂಗದ ಮೇಲಿನ ಉತ್ಪ್ರೇಕ್ಷೆ. ಅಂಜುಬುರುಕ ತಮ್ಮ ಲುಯಿಜಿ ಹಾಗೂ ದುರಾಸೆಯ ವಾರಿಯೋಗೂ ಮಾರ್ಟಿನೆಯವರದೇ ದನಿ. 2011ರ ‘ಸ್ಕೈರಿಮ್’ ಆಟದಲ್ಲಿ ಅವರು ಗಂಭೀರ ದನಿಯ ವೃದ್ಧ ಡ್ರ್ಯಾಗನ್ ಆದರು.

ದನಿಯ ಹಸ್ತಾಂತರ

2023ರ ಏಪ್ರಿಲ್‌ನಲ್ಲಿ ತೆರೆಕಂಡ ಮಾರಿಯೋ ಚಲನಚಿತ್ರದಲ್ಲಿ ನಾಯಕನ ದನಿ ತಾರೆ ಕ್ರಿಸ್ ಪ್ರ್ಯಾಟ್ ಪಾಲಾಯಿತು. ದಟ್ಟ ಇಟಾಲಿಯನ್ ಉಚ್ಚಾರಣೆ, ಸೋದರರು ತಯಾರಿಸಿದ ಜಾಹೀರಾತಿನ ಸೋಗಿಗಷ್ಟೇ ಸೀಮಿತವಾಯಿತು. ಅದು ಅತಿಯಾಯಿತೇ ಎಂದು ಅವರು ಅಳುಕಿದಾಗ, ಸೊಗಸಾಗಿದೆ ಎಂದು ಮೆಚ್ಚುವ ಗಿರಾಕಿ ಜುಸೆಪ್ಪೆಯ ದನಿ ಮಾರ್ಟಿನೆಯವರದು!

ಅದೇ ಆಗಸ್ಟ್‌ನಲ್ಲಿ ಅವರು ಆಟಗಳ ಧ್ವನಿಮುದ್ರಣದಿಂದ ಹಿಂದೆ ಸರಿಯುತ್ತಿದ್ದು, ಮಾರಿಯೋ ರಾಯಭಾರಿಯಾಗಲಿದ್ದಾರೆ ಎಂದು ನಿಂಟೆಂಡೊ ಪ್ರಕಟಿಸಿತು. ಅಕ್ಟೋಬರ್‌ನಲ್ಲಿ ಬಂದ ‘ಸೂಪರ್ ಮಾರಿಯೋ ಬ್ರದರ್ಸ್ ವಂಡರ್’ ಆಟದಲ್ಲಿ ಮಾರಿಯೋ ಆದವರು ಕೆವಿನ್ ಅಫ್ಘಾನಿ. ನಟ ಬದಲಾದರೂ, ಮಾರ್ಟಿನೆ ರೂಪಿಸಿದ ಉಚ್ಚಾರಣೆ ಹಾಗೆಯೇ ಉಳಿಯಿತು.