ಹದಿಹರೆಯದವರ ಶಾಲಾ ಒತ್ತಡ ಮತ್ತು ಸಾವಧಾನ ಅಭ್ಯಾಸ: ಬ್ರಿಟನ್ನಿನ ಪ್ರಯೋಗದ ಹಿನ್ನೆಲೆಯಲ್ಲಿ ಒಂದು ಪರಾಮರ್ಶೆ

ಸಾವಧಾನ ಅಭ್ಯಾಸ, ಅಂದರೆ ಉಸಿರು, ದೇಹದ ಸಂವೇದನೆ ಮತ್ತು ಮನಸ್ಸಿನಲ್ಲಿ ಹಾದುಹೋಗುವ ಆಲೋಚನೆಗಳನ್ನು ಸರಿತಪ್ಪಿನ ತೀರ್ಪು ನೀಡದೆ ಗಮನಿಸುವ ಕ್ರಮ, ಬೌದ್ಧ ಸಾಧನೆಯಿಂದ ಬಂದುದಾದರೂ, 1979ರಲ್ಲಿ ಜಾನ್ ಕಬತ್-ಜಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದ ತರಬೇತಿಯಿಂದ ಆಧುನಿಕ ಚಿಕಿತ್ಸೆಯಲ್ಲಿ ನೆಲೆಗೊಂಡಿತು. ಆ ತರಬೇತಿ ರೂಪುಗೊಂಡದ್ದು ದೀರ್ಘಕಾಲದ ನೋವಿನಿಂದ ಬಳಲುವ ವಯಸ್ಕರಿಗಾಗಿ ಎಂಬುದನ್ನು ಶಾಲೆಗಳ ಕುರಿತ ಚರ್ಚೆಯಲ್ಲಿ ಮರೆಯುವುದು ಸುಲಭ.

ಪರೀಕ್ಷೆಯ ಭಯ ವಿದ್ಯಾರ್ಥಿಯನ್ನು ಹೆಚ್ಚು ಕಾಡುವುದು ಪ್ರಶ್ನೆಪತ್ರಿಕೆಯ ಮುಂದಲ್ಲ, ಅದಕ್ಕೆ ಮುಂಚಿನ ವಾರಗಳಲ್ಲಿ. ಆಗಬಹುದಾದ ಸೋಲನ್ನು ಮನಸ್ಸು ಮತ್ತೆ ಮತ್ತೆ ಮೆಲುಕು ಹಾಕುತ್ತಾ, ಊಹೆಯನ್ನೇ ವಾಸ್ತವವೆಂದು ನಂಬತೊಡಗುತ್ತದೆ. ‘ನಾನು ಫೇಲಾಗುತ್ತೇನೆ’ ಎಂಬುದನ್ನು ಭವಿಷ್ಯದ ಸತ್ಯವೆಂದು ಗ್ರಹಿಸದೆ ಈಗ ಸುಳಿದ ಒಂದು ಆಲೋಚನೆಯಷ್ಟೇ ಎಂದು ಕಾಣುವ ಸಾಮರ್ಥ್ಯವನ್ನು ಮನೋವಿಜ್ಞಾನಿಗಳು ವಿಕೇಂದ್ರೀಕರಣವೆಂದು ಕರೆಯುತ್ತಾರೆ. ಅಭ್ಯಾಸದ ಮುಖ್ಯ ಫಲ ಇದೇ ಎಂಬುದು ಈ ಕ್ಷೇತ್ರದ ಬಹುಮಾನ್ಯ ವಿವರಣೆ. ಭಾವೋದ್ವೇಗವನ್ನು ಹತೋಟಿಯಲ್ಲಿಡುವ ಮಿದುಳಿನ ಮುಂಭಾಗ ಇಪ್ಪತ್ತರ ಹರೆಯದ ನಡುವಿನವರೆಗೂ ಬೆಳೆಯುತ್ತಲೇ ಇರುವುದರಿಂದ ಇಂಥ ತರಬೇತಿಗೆ ಹದಿಹರೆಯವೇ ಸೂಕ್ತವೆಂಬ ವಾದವೂ ಇದೆ, ಆದರೆ ಅದೇ ಅಪಕ್ವತೆ ಅಭ್ಯಾಸವನ್ನು ಕಷ್ಟವಾಗಿಸಲೂಬಹುದು.

ಚಿಕಿತ್ಸಾಲಯದ ಫಲಿತಾಂಶಗಳು ಆಶಾದಾಯಕವಾಗಿದ್ದವು: 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮನೋವೈದ್ಯಕೀಯ ಹೊರರೋಗಿಗಳಾಗಿದ್ದ 14ರಿಂದ 18 ವರ್ಷದವರು ತರಬೇತಿಯ ನಂತರ ಆತಂಕ ಮತ್ತು ಖಿನ್ನತೆ ತಗ್ಗಿದುದಾಗಿ ತಿಳಿಸಿದರು. ತರಗತಿಯ ಕಥೆ ಬೇರೆ. ಬ್ರಿಟನ್ನಿನ 85 ಶಾಲೆಗಳ, 8,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡ ‘ಮಿರಿಯಡ್’ ಪ್ರಯೋಗದಲ್ಲಿ ಶಾಲಾ ಶಿಕ್ಷಕರೇ ತರಬೇತಿ ಪಡೆದು ಹತ್ತು ಪಾಠಗಳನ್ನು ಕಲಿಸಿದರು; ಆದರೆ ಶಾಲೆಗಳು ಎಂದಿನಂತೆ ನೀಡುತ್ತಿದ್ದ ಸಾಮಾಜಿಕ-ಭಾವನಾತ್ಮಕ ಶಿಕ್ಷಣಕ್ಕಿಂತ ಅವು ಖಿನ್ನತೆಯನ್ನು ತಡೆಯುವಲ್ಲಾಗಲಿ ಯೋಗಕ್ಷೇಮವನ್ನು ಹೆಚ್ಚಿಸುವಲ್ಲಾಗಲಿ ಮೇಲೆನಿಸಲಿಲ್ಲವೆಂದು 2022ರ ವರದಿ ತಿಳಿಸಿತು. ಮೊದಲೇ ಅಪಾಯದ ಅಂಚಿನಲ್ಲಿದ್ದ ಕೆಲವರಿಗೆ ಪಾಠ ತುಸು ಪ್ರತಿಕೂಲವೂ ಆದಂತೆ ಕಂಡಿತು. ಗಮನಾರ್ಹವೆಂದರೆ, ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೇ ಇಲ್ಲ, ಆದರೆ ಕಲಿಸಿದ ಶಿಕ್ಷಕರ ದಣಿವು ಸ್ವಲ್ಪ ಕಾಲ ಕಡಿಮೆಯಾಯಿತು.

ಇದರಿಂದ ಅಭ್ಯಾಸವೇ ನಿಷ್ಫಲವೆಂದು ತೀರ್ಮಾನಿಸುವುದು ಅವಸರವಾದೀತು. ಬೇಕೆಂದು ಬಂದವರಿಗೆ ಒದಗಿದ್ದು, ವೇಳಾಪಟ್ಟಿಯಲ್ಲಿ ಕಡ್ಡಾಯವಾಗಿ ಕುಳಿತವರಿಗೆ ಒದಗದಿರಬಹುದು. ಅಲ್ಲದೆ ಒತ್ತಡದ ಮೂಲ ಎಲ್ಲವೂ ಮನಸ್ಸಿನೊಳಗಿಲ್ಲ. ಕರ್ನಾಟಕದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ದೊರೆತದ್ದು ಒಂದೇ ದಿನದ ಮೇಲಿದ್ದ ಭಾರವನ್ನು ಹೊರಗಿನಿಂದ ಹಗುರಗೊಳಿಸುವ ಬಗೆ. ಉಸಿರನ್ನು ಗಮನಿಸುವ ಪಾಠ, ಅದನ್ನು ಬಯಸುವ ವಿದ್ಯಾರ್ಥಿಗೆ ಸ್ವತಃ ಅಭ್ಯಾಸವಿರುವ ಶಿಕ್ಷಕರಿಂದ ಸಿಗಬೇಕಾದುದು ಇಂಥ ಸುಧಾರಣೆಯ ಜೊತೆಯಲ್ಲಿಯೇ ಹೊರತು ಅದರ ಬದಲಿಗೆ ಅಲ್ಲ.